ಗಂಟೆ ಬಾರಿಸದ ಸೋಮವಾರ

ನಮ್ಮೂರ ಬಯಲಿನಲ್ಲಿ ಒಂದು ಮೊಲ ಸತ್ತರೆ ಎಂಟು ದಿನದೊಳಗೆ ಊರಲ್ಲಿ ಒಬ್ಬರು ಸಾಯುತ್ತಾರೆ. ಮೊಲವೇ ಆಗಬೇಕೆಂದಿಲ್ಲ. ಉಡ, ಮುಂಗುಸಿ, ಕೌಜುಗ, ಟಿಟ್ಟಿಭ, ಕೇರೆಹಾವು, ಯಾವುದಾದರೂ ಸರಿ. ಇರುವೆ, ಮಿಡತೆಗಳನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿದಿದ್ದರೆ ಊರು ಎಂದೋ ಖಾಲಿಯಾಗುತ್ತಿತ್ತು. ಯಾವ ಪ್ರಾಣಿ ಯಾರದು ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ. ದೊಡ್ಡವರಿಗೆ ದೊಡ್ಡದು, ಸಣ್ಣವರಿಗೆ ಸಣ್ಣದು ಎಂದೇನೂ ಇಲ್ಲ. ಆರಡಿ ಎತ್ತರದ ಪೈಲ್ವಾನನೊಬ್ಬ ಹಿಡಿಯಷ್ಟೂ ಇಲ್ಲದ ನೆಲಗುಬ್ಬಿಯ ಹಿಂದೆ ಹೋದದ್ದನ್ನು ನಾನೇ ಕಂಡಿದ್ದೇನೆ.

ನಾನು ಮರುಳಪ್ಪ, ಆ ಬಯಲಿನ ಕಾವಲುಗಾರ. ನಮ್ಮಪ್ಪನೂ ಅದೇ ಕೆಲಸ ಮಾಡಿದ್ದ. ಬಯಲು ದೊಡ್ಡದೇನಲ್ಲ. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಸುತ್ತಲು ಹೊರಟರೆ, ಉಗಿದು ಎರಡನೆಯ ಸಲ ಹಾಕಿಕೊಳ್ಳುವ ಹೊತ್ತಿಗೆ ಹೊರಟ ಜಾಗಕ್ಕೇ ಬಂದಿರುತ್ತೀರಿ. ನಡುವೆ ಮೊಣಕಾಲುದ್ದದ ಹುಲ್ಲು, ಅಲ್ಲಲ್ಲಿ ಜಾಲಿ, ಒಂದೆರಡು ಹುತ್ತ, ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುವ ಒಂದು ತಗ್ಗು. ಊರ ಕಡೆಯ ಅಂಚಿನಲ್ಲಿ ಹುಣಸೆ ಮರ, ಅದರ ಕೊಂಬೆಗೆ ತೂಗುಬಿಟ್ಟ ಗಂಟೆ. ಇಷ್ಟಕ್ಕೆ ಮೂರು ಬೀದಿಯ ಜನ ತಲೆತಲಾಂತರದಿಂದ ದುಡಿದಿದ್ದಾರೆ. ಮೇಲಿನ ಬೀದಿಯವರು ನೀರಿನ ತೊಟ್ಟಿ ತುಂಬಿಸಬೇಕು. ಕೆಳಗಿನ ಬೀದಿಯವರು ಬೇಲಿ ನೋಡಿಕೊಳ್ಳಬೇಕು. ನಡುಬೀದಿಯವರು ಹಾವಿಗೆ ಮೊಟ್ಟೆ, ಮುಂಗುಸಿಗೆ ಸಂತೆಯಿಂದ ತಂದ ಮಾಂಸದ ಚೂರು ಹಾಕಬೇಕು. ಹೊಟ್ಟೆ ತುಂಬಿದ ಮುಂಗುಸಿ ಹಾವಿನ ತಂಟೆಗೆ ಹೋಗುವುದಿಲ್ಲ ಅನ್ನುವುದು ನಮ್ಮ ಹಿರಿಯರ ಎಣಿಕೆ. ಮುಂಗುಸಿ ಆ ಎಣಿಕೆಯನ್ನು ಪೂರ್ತಿ ಒಪ್ಪಿಕೊಂಡಿಲ್ಲ. ಟಿಟ್ಟಿಭ ಬರಿನೆಲದ ಮೇಲೆ ಮೊಟ್ಟೆಯಿಡುವ ಕಾಲದಲ್ಲಿ ಸುತ್ತ ಕಲ್ಲು ಜೋಡಿಸಿ, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಆ ದಾರಿ ದಾಟುತ್ತಿದ್ದೆವು. ನಾಯಿಗಳನ್ನು ಕಟ್ಟಿಯೇ ಸಾಕುತ್ತಿದ್ದೆವು. ನಮ್ಮೂರಲ್ಲಿ ಮನುಷ್ಯರ ಡಾಕ್ಟರನ್ನು ಹೆಸರು ಹಿಡಿದು ಕರೆಯುತ್ತಾರೆ. ದನದ ಡಾಕ್ಟರು ಬಂದರೆ ಮಾತ್ರ ಕೂತವರು ಎದ್ದು ನಿಲ್ಲುತ್ತಾರೆ.

ಪ್ರಾಣಿ ಸತ್ತದ್ದು ಕಂಡ ಕೂಡಲೇ ನಾನು ಗಂಟೆ ಬಾರಿಸಬೇಕು. ಅಲ್ಲಿಂದ ಶುರುವಾಗುವುದಕ್ಕೆ ನಾವು ‘ಎಂಟು’ ಎನ್ನುತ್ತೇವೆ. ವರ್ಷಕ್ಕೆ ಎರಡೋ ಮೂರೋ ಸಲ ಬರುತ್ತದೆ. ಎಂಟರಲ್ಲಿ ಯಾರೂ ಹಗಲು ಬಾಗಿಲು ಹಾಕುವ ಹಾಗಿಲ್ಲ. ಮದುವೆ, ಮುಂಜಿ, ಗೃಹಪ್ರವೇಶ ಏನೂ ಇಲ್ಲ. ಜಗಳವಾಡಿದವರು ಒಬ್ಬರ ಮನೆಗೆ ಒಬ್ಬರು ಹೋಗುತ್ತಾರೆ, ಹೇಳಬೇಕಾದ್ದನ್ನು ಹೇಳುತ್ತಾರೆ, ಒಂದು ಲೋಟ ನೀರು ಕುಡಿದು ಬರುತ್ತಾರೆ. ಹೋಗುವವರು ಯಾರೆಂದು ಗೊತ್ತಿಲ್ಲವಲ್ಲ, ಹಾಗಾಗಿ ಎಲ್ಲರೂ ಎಲ್ಲರ ಮನೆಗೂ ಹೋಗುತ್ತಾರೆ. ಯಾರೋ ಒಬ್ಬರು ತೀರಿಕೊಂಡ ಮೇಲೆ ಎಂಟು ಮುಗಿಯುತ್ತದೆ. ಆಗ ಸತ್ತವರ ಮನೆಯವರು ನನ್ನ ಹತ್ತಿರ ಬಂದು, "ಯಾವುದು?" ಎಂದು ಕೇಳುತ್ತಾರೆ. ನಾನು ಆ ಪ್ರಾಣಿಯನ್ನು ಹೂತ ಜಾಗ ತೋರಿಸುತ್ತೇನೆ. ಅಲ್ಲಿ ಹಾಲು ಬಿಟ್ಟು ಹೋಗುತ್ತಾರೆ. ಸಂಬಂಧ ಬೆಳೆಸಲು ಬಂದ ಹೊರಗಿನವರು ಇದನ್ನೆಲ್ಲ ಕೇಳಿ ಅಯ್ಯೋ ಎನ್ನುತ್ತಾರೆ. ಅವರ ಊರುಗಳಲ್ಲಿ ಜನ ಹೇಳದೆ ಕೇಳದೆ ಸಾಯುತ್ತಾರಂತೆ. ನಮಗೆ ಅವರನ್ನು ಕಂಡರೆ ಅಯ್ಯೋ ಎನಿಸುತ್ತಿತ್ತು.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಎಂಟು ಬರುತ್ತದೆ ಎಂಬ ಧೈರ್ಯದಲ್ಲಿ ನಾವು ಉಳಿದ ದಿನಗಳಲ್ಲಿ ಯಾರಿಗೂ ಬಗ್ಗುತ್ತಿರಲಿಲ್ಲ. ತಪ್ಪು ಮಾಡಿದವನು, "ಎಂಟು ಬರಲಿ ನೋಡೋಣ" ಎಂದು ಮೀಸೆ ತಿರುವಿಕೊಂಡು ಓಡಾಡುತ್ತಿದ್ದ. ಒಳ್ಳೆಯ ಮಾತನ್ನೂ ಕೂಡಿಟ್ಟುಕೊಳ್ಳುತ್ತಿದ್ದೆವು. ನಾನು ನನ್ನ ಹೆಂಡತಿ ಹಾಲಮ್ಮನಿಗೆ ಅಡುಗೆ ಚೆನ್ನಾಗಿದೆ ಎಂದು ಹೇಳುತ್ತಿದ್ದದ್ದು ವರ್ಷಕ್ಕೆ ಎರಡೋ ಮೂರೋ ಸಲ.

ಇಂಥ ಊರಲ್ಲೂ ಎಂಟಕ್ಕೆ ಬಗ್ಗದೆ ಉಳಿದವರೆಂದರೆ ರುದ್ರಾಣಿ ಮತ್ತು ಪಾಲಾಕ್ಷ, ಅಕ್ಕ ತಮ್ಮ. ರುದ್ರಾಣಕ್ಕ ಗಂಡ ಸತ್ತ ಮೇಲೆ ತವರೂರಿಗೆ ಬಂದು, ತಮ್ಮನ ಮನೆಯಿಂದ ಆರು ಮನೆ ಆಚೆ ಬೇರೆ ಮನೆ ಹಿಡಿದು, ಜೋಳದ ರೊಟ್ಟಿ ಬಡಿದು ಮಾರಿ ಬದುಕುತ್ತಿದ್ದಳು. ಪಾಲಾಕ್ಷನದು ಅದೇ ಬೀದಿಯ ತುದಿಯಲ್ಲಿ ಸೈಕಲ್ ಶಾಪು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿಲ್ಲ. ಹನ್ನೊಂದು ವರ್ಷದ ಹಿಂದೆ ತಾಯಿಯ ತಿಥಿಯ ದಿನ, ಪಂಕ್ತಿಯಲ್ಲಿ ಕೂತ ಅಕ್ಕನಿಗೆ ಪಾಯಸ ಬಡಿಸುತ್ತಾ ಅವನು, "ಅವ್ವ ಹಾಸಿಗೆ ಹಿಡಿದಾಗ ಬರ್ಲಿಲ್ಲ, ಎಲೆ ಹಾಕಿದಾಗ ಬಂದ್ಲು" ಅಂದುಬಿಟ್ಟ. ಅವಳು ಎಲೆ ಬಿಟ್ಟು ಎದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಬಂದ ಒಂದೊಂದು ಎಂಟರಲ್ಲೂ ಇವನು ಬಾಗಿಲು ತೆಗೆದುಕೊಂಡು ಅವಳು ಬರಲಿ ಎಂದು ಕೂತ. ಅವಳು ಬಾಗಿಲು ತೆಗೆದುಕೊಂಡು ಇವನು ಬರಲಿ ಎಂದು ಕೂತಳು. ನಡುವಿನ ಆರು ಮನೆಯವರು ಇದನ್ನು ನೋಡಿ ನೋಡಿ ನಗುವುದನ್ನೂ ಬಿಟ್ಟಿದ್ದರು.

ನನ್ನ ಮಗಳ ಮದುವೆಗೆ ಹದಿನೈದು ದಿನ ಇದ್ದಾಗ ನಾನು ಪಂಕ್ಚರ್ ಹಾಕಿಸಲು ಪಾಲಾಕ್ಷನ ಶಾಪಿಗೆ ಹೋಗಿದ್ದೆ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಾ ಅವನು ತಲೆ ಎತ್ತದೆ ಹೇಳಿದ: "ಮರುಳಪ್ಪಣ್ಣ, ಈ ಸಲ ಎಂಟು ಬರ್ಲಿ, ನಾನೇ ಅಕ್ಕನ ಮನಿಗೆ ಹೋಗ್ತೀನಿ. ಅವಳು ಬರ್ಲಿ ಅಂತ ಕಾಯೋದು ಸಾಕಾಯ್ತು."

"ಅದಕ್ಯಾಕೆ ಎಂಟು ಬರ್ಬೇಕು? ಇವತ್ತೇ ಹೋಗು, ನಾಲ್ಕು ಹೆಜ್ಜೆ ಐತೆ" ಅಂದೆ.

"ಗಂಟೆ ಆಗ್ದೆ ಹೋದ್ರೆ ಏನಕ್ಕೆ ಬಂದೆ ಅಂತ ಕೇಳ್ತಾಳೆ. ಏನಂತ ಹೇಳ್ಲಿ?" ಎಂದು ನಕ್ಕ. ನಾನೂ ನಕ್ಕೆ. ನಮ್ಮೂರಲ್ಲಿ ಅದು ಸರಿಯಾದ ಉತ್ತರವೇ ಆಗಿತ್ತು.

ಈಗ ನನ್ನ ಮಗಳು ಸುವರ್ಣಳ ಮಾತು. ಅವಳ ಮದುವೆ ಅಷ್ಟು ಹೊತ್ತಿಗೆ ಎರಡು ಸಲ ಮುಂದೆ ಹೋಗಿತ್ತು. ಮೊದಲನೆಯ ಸಲ ಚಪ್ಪರ ಹಾಕಿದ ದಿನ ಒಂದು ಉಡ ಸತ್ತಿತು. ಎರಡನೆಯ ಸಲ ಅರಿಶಿನ ಹಚ್ಚುವ ಹಿಂದಿನ ದಿನ ಕೌಜುಗ. ಎರಡು ಸಲವೂ ನಾನೇ ಕೈಯಾರೆ ಗಂಟೆ ಬಾರಿಸಿ ಬಂದು, ಹೂವಿನವನಿಗೂ ಅಡುಗೆಯವನಿಗೂ ಬೇಡವೆಂದು ಹೇಳಿ ಕಳಿಸಿದ್ದೆ. ಹುಡುಗನ ಕಡೆಯವರು ದೂರದವರು, ನಮ್ಮ ರೀತಿ ಅವರಿಗೆ ಹಿಡಿಸದು. ಬೀಗರು ಬಂದು ಕೂತು, "ನಿಮ್ಮೂರಲ್ಲಿ ಮೊಲ ಸತ್ತರೆ ನಮ್ಮ ಹುಡುಗ ಬ್ರಹ್ಮಚಾರಿಯಾಗಿ ಕೂರಬೇಕಾ? ಮೂರನೆಯ ಸಲ ಹೀಗಾದರೆ ನಾವು ಬೇರೆ ಹೆಣ್ಣು ನೋಡಿಕೊಳ್ಳುತ್ತೇವೆ" ಎಂದು ನೇರವಾಗಿ ಹೇಳಿಹೋಗಿದ್ದರು. ಸುವರ್ಣ ಒಳಗಿನಿಂದ ಕೇಳಿಸಿಕೊಂಡಿದ್ದಳು. ಹಿತ್ತಲಿಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಮದುವೆ ಒಂದು ಗುರುವಾರಕ್ಕೆ ನಿಗದಿಯಾಯಿತು.

ಆ ವಾರದ ಸೋಮವಾರ ಬೆಳಗ್ಗೆ ಜಾಲಿಯ ಬುಡದಲ್ಲಿ ಮೊಲ ಸತ್ತು ಬಿದ್ದಿತ್ತು. ಬಲಗಿವಿ ಹರಿದ ಗಂಡು ಮೊಲ, ಆರು ವರ್ಷದಿಂದ ನಾನು ಬಲ್ಲ ಪ್ರಾಣಿ. ಗಾಯವಿಲ್ಲ, ರಕ್ತವಿಲ್ಲ. ಕಾಲು ಮಡಚಿಕೊಂಡು ಮಲಗಿದಂತಿತ್ತು. ಮುಟ್ಟಿದರೆ ತಣ್ಣಗಿತ್ತು. ನಾನು ಎದ್ದು ಹುಣಸೆ ಮರದವರೆಗೆ ಹೋದೆ. ಗಂಟೆಯ ಹಗ್ಗವನ್ನು ಕೈಗೆ ತೆಗೆದುಕೊಂಡೆ ಕೂಡ. ಅಲ್ಲಿಂದ ನಮ್ಮ ಮನೆಯ ಚಪ್ಪರ ಕಾಣುತ್ತಿತ್ತು. ಹಾಲಮ್ಮ ಸ್ಟೂಲಿನ ಮೇಲೆ ನಿಂತು ಮಾವಿನ ತೋರಣ ಕಟ್ಟುತ್ತಿದ್ದಳು, ಸುವರ್ಣ ಕೆಳಗೆ ನಿಂತು ಸ್ಟೂಲು ಹಿಡಿದುಕೊಂಡಿದ್ದಳು. ನಾನು ಹಗ್ಗ ಬಿಟ್ಟೆ.

ನನ್ನನ್ನು ನಾನು ಸಮಾಧಾನ ಮಾಡಿಕೊಂಡ ರೀತಿಯನ್ನೂ ಹೇಳಿಬಿಡುತ್ತೇನೆ. ಗುರುವಾರ ಮಧ್ಯಾಹ್ನ ಹೆಣ್ಣನ್ನು ಕಳಿಸಿದ ಮೇಲೆ ಗಂಟೆ ಬಾರಿಸಿದರಾಯಿತು, ಮೊಲ ಅವತ್ತೇ ಸತ್ತಿತು ಎಂದರಾಯಿತು ಅಂದುಕೊಂಡೆ. ಎಂಟು ದಿನದಲ್ಲಿ ಮೂರು ಹೋದರೂ ಐದು ಉಳಿಯುತ್ತದೆ, ಐದು ದಿನದಲ್ಲಿ ಜನ ಆಡದ ಮಾತು ಎಂಟು ದಿನದಲ್ಲಿ ಆಡುತ್ತಾರೆಯೇ? ಹೀಗೆ ಅಂದುಕೊಳ್ಳುತ್ತಲೇ ಮೊಲವನ್ನು ನನ್ನ ಟವೆಲಿನಲ್ಲಿ ಸುತ್ತಿ ಹುತ್ತದ ಪಕ್ಕ ಗುಂಡಿ ತೋಡಿ ಹೂತೆ. ಪಾಲಾಕ್ಷ ಹೇಳಿದ ಮಾತು ಆಗ ನೆನಪಿಗೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂದಿತ್ತು. ಗುರುವಾರ ಸಾಯಂಕಾಲ ಹೋಗಲಿ ಬಿಡು, ಹನ್ನೊಂದು ವರ್ಷ ಕಾದವನಿಗೆ ಮೂರು ದಿನ ಏನು ಮಹಾ ಅನ್ನಿಸಿತು.

ಮದುವೆ ಚೆನ್ನಾಗಿಯೇ ಆಯಿತು. ರಾಹುಕಾಲಕ್ಕೆ ಮುಂಚೆ ಹೊರಡಬೇಕೆಂದು ಬೀಗರು ಒಂದು ಗಂಟೆಗೇ ಹೆಣ್ಣನ್ನು ಕರೆದುಕೊಂಡು ಬಸ್ಸು ಹತ್ತಿದರು. ಉಳಿದದ್ದು ಊರವರ ಕೊನೆಯ ಪಂಕ್ತಿ. ಅದೊಂದು ಏಳಲಿ, ಹೋಗಿ ಗಂಟೆ ಬಾರಿಸುತ್ತೇನೆ ಎಂದು ನಾನು ಚಪ್ಪರದ ಬಾಯಲ್ಲಿ ನಿಂತಿದ್ದೆ. ಪಾಲಾಕ್ಷ ಗಂಡಸರ ಸಾಲಿನಲ್ಲಿ ಉಂಡು, ನನ್ನ ಹೆಗಲು ತಟ್ಟಿ, "ಊಟ ಗಟ್ಟಿಯಾಗಿತ್ತಪ್ಪ" ಎಂದು ಹೇಳಿ ಕೈ ತೊಳೆಯಲು ಡ್ರಮ್ಮಿನ ಹತ್ತಿರ ಹೋದ. ಚೊಂಬಿಗೆ ಬಗ್ಗಿದವನು ಏಳಲಿಲ್ಲ. ಹಾಗೇ ಪಕ್ಕಕ್ಕೆ ವಾಲಿ ಕೆಸರಿನಲ್ಲಿ ಬಿದ್ದ. ನಾವು ಓಡಿಹೋಗಿ ತಿರುಗಿಸುವಷ್ಟರಲ್ಲಿ ಮುಗಿದುಹೋಗಿತ್ತು.

ಹೆಂಗಸರ ಸಾಲಿನಿಂದ ರುದ್ರಾಣಕ್ಕ ಎದ್ದು ಬಂದಳು. ಅನ್ನ ಮೆತ್ತಿದ ಕೈಯಲ್ಲೇ ಅವನ ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಅವಳು ಅಳಲಿಲ್ಲ. ಏನೋ ತಪ್ಪಾಗಿದೆ ಅನ್ನುವವಳ ಹಾಗೆ ಅವನ ಕೆನ್ನೆ ತಟ್ಟುತ್ತಾ, "ಪಾಲಾಕ್ಷ, ಎಂಟು ಬಂದಿಲ್ಲ ಕಣೋ. ಎಂಟು ಬರ್ದೆ ಹೆಂಗೆ ಹೋಗ್ತೀಯ? ಏಳು" ಅನ್ನುತ್ತಿದ್ದಳು. ಸುತ್ತ ನಿಂತ ಜನ ಒಬ್ಬೊಬ್ಬರಾಗಿ ತಲೆ ತಿರುಗಿಸಿ ನನ್ನ ಕಡೆ ನೋಡಿದರು. ನಾನು ಇಲ್ಲ ಎಂದು ತಲೆ ಆಡಿಸಿದೆ. ಅಷ್ಟು ಜನರ ಎದುರು ಸುಳ್ಳು ಹೇಳಲು ಬಾಯಿ ಕೂಡ ತೆರೆಯಬೇಕಾಗಲಿಲ್ಲ.

ಮೂರನೆಯ ದಿನ ಅವಳು ಸಣ್ಣ ಲೋಟದಲ್ಲಿ ಹಾಲು ಹಿಡಿದು, ಸೆರಗು ಮುಚ್ಚಿಕೊಂಡು ಬಯಲಿಗೆ ಬಂದಳು. "ಯಾವುದಪ್ಪ?" ಅಂದಳು.

"ಯಾವುದೂ ಇಲ್ಲಕ್ಕ" ಅಂದೆ.

ಅವಳು ಹುಲ್ಲಿನ ಮೇಲೆ ಕಣ್ಣಾಡಿಸಿದಳು. "ಹಂಗಾದ್ರೆ ನನ್ನ ತಮ್ಮಂದು ಇಲ್ಲಿ ಏನೂ ಇರ್ಲಿಲ್ವಾ? ಐವತ್ತು ವರ್ಷ ಒಂದು ಗುಬ್ಬಿನೂ ಇಲ್ದೆ ಬದುಕಿದ್ನಾ ಅವ್ನು?" ಎಂದು ಕೇಳಿದಳು. ಹಾಲನ್ನು ಎಲ್ಲಿ ಬಿಡಬೇಕೆಂದು ತಿಳಿಯದೆ, ಚೆಲ್ಲಲೂ ಮನಸ್ಸಾಗದೆ, ತುಳುಕದ ಹಾಗೆ ಲೋಟದ ಬಾಯಿಗೆ ಅಂಗೈ ಮುಚ್ಚಿಕೊಂಡು ಮನೆಗೆ ವಾಪಸು ಹೋದಳು. ಅವತ್ತು ನನಗೆ ನನ್ನ ಮೇಲೆ ಹುಟ್ಟಿದ ಹೇಸಿಗೆ ಇವತ್ತಿಗೂ ಹೋಗಿಲ್ಲ.

ಊರಲ್ಲಿ ಮೊದಲ ವಾರ ಭಯ. ಗಂಟೆಯಿಲ್ಲದೆ ಸಾವು ಬಂದದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಎರಡನೆಯ ವಾರ ಭಯ ಹೋಗಿ ಬೇರೊಂದು ಬಂತು. ಮೇಲಿನ ಬೀದಿಯವರು, "ಬಯಲಿಗೂ ನಮಗೂ ಋಣ ಹರೀತು ಅನ್ಸುತ್ತೆ" ಎಂದು ತೊಟ್ಟಿಗೆ ನೀರು ಹಾಕುವುದನ್ನು ಬಿಟ್ಟರು. ಅವರನ್ನು ನೋಡಿ ಕೆಳಗಿನ ಬೀದಿಯವರು ಬೇಲಿ ಬಿಟ್ಟರು. ಹೆಗಲ ಮೇಲಿದ್ದ ಮೂಟೆ ಇಳಿಸಿದವರ ಹಾಗೆ ಜನ ನಗುತ್ತಾ ಓಡಾಡಿದರು. ಅವರನ್ನು ದೂರುವುದಿಲ್ಲ, ಆ ಭಾರ ಹೊತ್ತವರಿಗೇ ಗೊತ್ತು. ನಾಯಿಗಳ ಹಗ್ಗ ಬಿಚ್ಚಿದರು. ಬಯಲು ಸಮಿತಿಯ ಅಧ್ಯಕ್ಷ ಓಂಕಾರಪ್ಪ, ಆ ಮಣ್ಣು ಇಟ್ಟಿಗೆಗೆ ಬಹಳ ಚೆನ್ನಾಗಿದೆ, ಒಂದು ಮೂಲೆಯಿಂದ ಭಟ್ಟಿ ಶುರುಮಾಡೋಣ ಎಂದು ಮಾತೆತ್ತಿದ. ಭಾನುವಾರ ಸಭೆ ಸೇರಿ ತೀರ್ಮಾನ ಮಾಡುವುದೆಂದಾಯಿತು.

ಅದಕ್ಕೆ ಮೂರು ದಿನ ಮೊದಲು ಎರಡು ನಾಯಿಗಳು ಒಂದು ಹೆಣ್ಣು ಮೊಲವನ್ನು ಅಟ್ಟಿಸಿಕೊಂಡು ಹೋಗಿ ತೊಡೆ ಹರಿದವು. ನಾನು ದೊಣ್ಣೆ ಬೀಸಿ ಬಿಡಿಸಿಕೊಂಡು, ಎದೆಗೆ ಅವುಚಿಕೊಂಡು ದನದ ಡಾಕ್ಟರ ಹತ್ತಿರ ಓಡಿದೆ. ಅವರು ಒಂಬತ್ತು ಹೊಲಿಗೆ ಹಾಕಿದರು. ಮೊಲದ ಎದೆ ನನ್ನ ಅಂಗೈಯಲ್ಲಿ ಹೊಡೆದುಕೊಳ್ಳುತ್ತಿತ್ತು. ಇದು ಯಾರದು ಎಂದು ಯೋಚಿಸಿದೆ. ಎದುರು ಮನೆಯ ಬಾಣಂತಿಯದೋ, ಅವಳ ಕೂಸಿನದೋ, ನನ್ನ ಹಾಲಮ್ಮನದೋ? ಭಟ್ಟಿ ಹಾಕಿದರೆ ಇಂಥವು ಎಷ್ಟು ಸಾಯುತ್ತವೆ? ಊರು ನಗುತ್ತಾ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತಿತ್ತು, ಮೊದಲ ಗುದ್ದಲಿ ಹಾಕಿದವನು ನಾನು.

ಮನೆಗೆ ಬಂದು ಹಾಲಮ್ಮನಿಗೆ ಎಲ್ಲ ಹೇಳಿದೆ. ಅವಳು ಬೇಳೆ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು ಗೋಡೆಗೆ ಒರಗಿದಳು. ಮರುದಿನ ಬೆಳಗ್ಗೆ, "ಸಭೆಗೆ ಹೇಳೋದು ಆಮೇಲೆ. ಮೊದ್ಲು ಅವಳಿಗೆ ಹೇಳು" ಅಂದಳು.

ರುದ್ರಾಣಕ್ಕ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲ ಬಳಿ ಕೂತು ಸೋಮವಾರದಿಂದ ಶುರುಮಾಡಿ ಗುರುವಾರದವರೆಗೆ ಒಂದನ್ನೂ ಬಿಡದೆ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಹಿಟ್ಟು ತಟ್ಟುತ್ತಲೇ ಇತ್ತು. ಹೆಂಚಿನ ಮೇಲಿನ ರೊಟ್ಟಿ ಮಾತ್ರ ಸೀದು ಹೊಗೆಯಾಡಿತು. ನಾನು ಮುಗಿಸಿದ ಮೇಲೆ ಅವಳು, "ಸೋಮವಾರನಾ?" ಎಂದು ಕೇಳಿದಳು.

"ಹೂಂ, ಸೋಮವಾರ ಬೆಳಗ್ಗೆ."

"ಮಂಗಳವಾರ ಅವ್ನು ಬಂದಿದ್ದ" ಅಂದಳು. "ಗೇಟಿನ ಹತ್ರ ಬಂದು ನಿಂತ್ಕಂಡ. ನಾನು ಕಿಟಕಿಯಿಂದ ನೋಡ್ದೆ. ಗಂಟೆ ಆಗಿಲ್ಲ, ಏನಕ್ಕೆ ಬಂದಾನೆ, ಮತ್ತೇನು ಅನ್ನಾಕೆ ಬಂದಾನೆ ಅಂತ ನಾನು ಏಳ್ಲಿಲ್ಲ. ಆರು ರೊಟ್ಟಿ ಬಡ್ದೆ ಮರುಳಪ್ಪ. ಆರು ರೊಟ್ಟಿ ಬೇಯೋಗಂಟ ನಿಂತಿದ್ದು ಹೋದ. ನೀನು ಗಂಟೆ ಬಾರಿಸಿದ್ರೆ ಒಂದನೇ ರೊಟ್ಟಿಗೇ ಏಳ್ತಿದ್ದೆ ನಾನು."

ಆಮೇಲೆ ಅವಳೇ ಎದ್ದು, "ತೋರ್ಸು ನಡಿ" ಅಂದಳು. ಹುತ್ತದ ಪಕ್ಕ ಕೂತು ಗುದ್ದಲಿ ಬೇಡವೆಂದು ಕೈಯಲ್ಲೇ ಮಣ್ಣು ಬಗೆದಳು. ಟವೆಲು ಸಿಕ್ಕಿತು. ಬಿಡಿಸಿ ನೋಡಿದಳು. ವಾಸನೆಗೆ ನಾನು ಮುಖ ತಿರುಗಿಸಿದೆ, ಅವಳು ತಿರುಗಿಸಲಿಲ್ಲ. ಹರಿದ ಕಿವಿಯನ್ನು ಬೆರಳಿನಿಂದ ನೇರ ಮಾಡಿ ಮತ್ತೆ ಸುತ್ತಿ ಮಣ್ಣು ಎಳೆದಳು. ನನ್ನನ್ನು ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಅವಳು ಹಾಗೆಯೇ ಎದ್ದು ಹೋದಳು.

ಭಾನುವಾರ ಹುಣಸೆ ಮರದ ಕೆಳಗೆ ಊರೆಲ್ಲ ಸೇರಿತ್ತು. ಓಂಕಾರಪ್ಪ ಭಟ್ಟಿಯ ಮಾತು ಶುರುಮಾಡುವ ಮುಂಚೆಯೇ ನಾನು ಎದ್ದು ನಿಂತು ಹೇಳಿದೆ. ನಾನು ಏನೇನೋ ಎಣಿಸಿಕೊಂಡು ಹೋಗಿದ್ದೆ, ಕಲ್ಲು ಬೀಳಬಹುದು, ಚಪ್ಪಲಿ ಬೀಳಬಹುದು ಎಂದು. ಜನ ನಕ್ಕರು. ನಂಬಲಿಲ್ಲ. ಓಂಕಾರಪ್ಪ ಮುಗುಳ್ನಗುತ್ತಾ, "ಮರುಳಪ್ಪ, ಕಾವಲು ಕೆಲ್ಸ ಹೋಗುತ್ತೆ ಅಂತ ನಿಂಗೆ ಸಂಕಟ, ನಮಗೆ ಅರ್ಥ ಆಗುತ್ತೆ. ಅದಕ್ಕೆ ಸತ್ತೋನ ಮೇಲೆ ಕಥೆ ಕಟ್ಟಬೇಡ" ಅಂದ. ಮೊಲ ತೋರಿಸುತ್ತೇನೆ ಬನ್ನಿ ಅಂದೆ. "ಮೊಲ ಸಾಯದ ಊರು ಯಾವುದೈತೆ? ನಿನ್ನೆ ಹೂತಿರಬಹುದು" ಅಂದ ಇನ್ನೊಬ್ಬ. ಸುಳ್ಳು ಹೇಳುವಾಗ ತಲೆ ಆಡಿಸಿದ್ದಕ್ಕೇ ನಂಬಿದ್ದರು. ನಿಜ ಹೇಳುವಾಗ ಗಂಟಲು ಹರಿದುಕೊಂಡರೂ ಇಲ್ಲ.

ಆಗ ಹಿಂದಿನಿಂದ ರುದ್ರಾಣಕ್ಕ ಎದ್ದಳು. ಅವಳು ಸುಮ್ಮನಿದ್ದಿದ್ದರೆ ಅವಳ ಮಾನಕ್ಕೆ ಏನೂ ಆಗುತ್ತಿರಲಿಲ್ಲ. ನಿಯಮವೇ ಮುರಿದಿತ್ತು, ಪಾಲಾಕ್ಷ ಸುಮ್ಮನೆ ಸತ್ತ, ಯಾರ ತಪ್ಪೂ ಇಲ್ಲ ಎಂದು ಬದುಕಬಹುದಿತ್ತು. ಮೂರು ಬೀದಿಯ ಜನರೆದುರು ಅವಳು ನೆಟ್ಟಗೆ ನಿಂತು, "ಅವ್ನು ಹೇಳೋದು ಖರೆ" ಅಂದಳು. "ನಾನು ಮಣ್ಣು ತೆಗೆದು ನೋಡೀನಿ. ಅದು ನಿನ್ನೆ ಮೊನ್ನೆದಲ್ಲ, ಮೈ ಕರಗೈತೆ. ಮಂಗಳವಾರ ನನ್ನ ತಮ್ಮ ನನ್ನ ಬಾಗಿಲಿಗೆ ಬಂದು ನಿಂತಿದ್ದ. ನಾನು ಎದ್ದು ಹೋಗ್ಲಿಲ್ಲ. ಅವನ್ನ ನಿಲ್ಸಿ ಕಳಿಸ್ದೋಳು ನಾನು. ಇದನ್ನ ನಾನು ಸುಳ್ಳು ಹೇಳ್ತೀನೇನ್ರಪ್ಪ?"

ಯಾರೂ ನಗಲಿಲ್ಲ. ತಾಯಂದಿರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಒಬ್ಬಿಬ್ಬರು ಎದ್ದು ನಾಯಿ ಕಟ್ಟಲು ಮನೆಗೆ ಓಡಿದರು. ಭಟ್ಟಿಯ ಮಾತು ಅಲ್ಲಿಗೆ ಮುಗಿಯಿತು. ನನಗೆ ಏನು ಮಾಡಬೇಕೆಂಬುದರ ಬಗ್ಗೆ ಮಾತ್ರ ಬಹಳ ಹೊತ್ತು ಗುಸುಗುಸು ನಡೆಯಿತು. ಕಡೆಗೆ ಓಂಕಾರಪ್ಪ ಮೇಲೆದ್ದ. "ಕಾವಲು ನೀನೇ ಮಾಡು, ಈ ಪ್ರಾಣಿಗಳ ಗುರುತು ಬೇರೆ ಯಾರಿಗೂ ಇಲ್ಲ. ಆದ್ರೆ ಇನ್ನು ಮೇಲೆ ಎಂಟರಲ್ಲಿ ನಿನ್ನ ಹತ್ರ ಯಾರೂ ಬರಲ್ಲ, ನೀನು ಯಾರ ಮನಿಗೂ ಹೋಗಂಗಿಲ್ಲ. ಅವ್ನಿಗೆ ಸಿಗದೇ ಇದ್ದದ್ದು ನಿಂಗೂ ಬೇಡ." ನ್ಯಾಯವಾಗಿಯೇ ಇತ್ತು. ನಾನು ಕೈ ಮುಗಿದೆ.

ಸುವರ್ಣಳಿಗೆ ಸುದ್ದಿ ಮುಟ್ಟಿ ಅವಳು ಫೋನು ಮಾಡಿದಳು. ಅವಳಿಗಾಗಿ ಮಾಡಿದೆ ಎಂದು ಹೇಳಲು ಹೊರಟೆ. ಅವಳು ಪೂರ್ತಿ ಕೇಳಲಿಲ್ಲ. "ಅಪ್ಪ, ನನ್ನನ್ನ ಒಂದು ಮಾತು ಕೇಳ್ಬೇಕಿತ್ತು. ಬಾರಿಸು ಅಂತಿದ್ದೆ" ಎಂದು ಫೋನು ಇಟ್ಟುಬಿಟ್ಟಳು. ಗೌರಿ ಹಬ್ಬಕ್ಕೆ ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ತಗ್ಗಿನ ಹತ್ತಿರ ಒಂದು ಟಿಟ್ಟಿಭ ಸತ್ತಿತು. ನಾನು ಅದು ಬಿದ್ದದ್ದನ್ನು ಕಂಡ ಕ್ಷಣವೇ ಓಡಿಹೋಗಿ, ಅಂಗೈ ಸಿಪ್ಪೆ ಏಳುವ ಹಾಗೆ ಗಂಟೆ ಬಾರಿಸಿದೆ. ಬಾಗಿಲುಗಳು ಸಾಲಾಗಿ ತೆರೆದವು. ನಮ್ಮದನ್ನೂ ತೆರೆದು ಒಳಗೆ ಚಾಪೆ ಹಾಸಿ ಕೂತೆ. ಹಾಲಮ್ಮ ದಿನಾ ಸೆರಗು ಸರಿಮಾಡಿಕೊಂಡು ಮನೆಮನೆಗೆ ಹೋಗಿ ಬರುತ್ತಿದ್ದಳು, ಅವಳಿಗೆ ತಡೆಯಿರಲಿಲ್ಲ. ಜನ ನಮ್ಮ ಮನೆ ಮುಂದೆಯೇ ಹೋದರು, ಬಂದರು, ಎದುರು ಮನೆಯಲ್ಲಿ ಅತ್ತರು, ನಕ್ಕರು, ನೀರು ಕುಡಿದರು. ಸಾಯುವ ಮುಂಚೆ ಹೇಳಬೇಕಾದ ಮಾತುಗಳು ನನ್ನಲ್ಲೂ ಇದ್ದವು. ಯಾರಿಗೆ ಹೇಳಲಿ? ಒಂದು ಮಧ್ಯಾಹ್ನ ಹಾಲಮ್ಮ ಬಡಿಸುವಾಗ, "ಸಾರು ಚೆನ್ನಾಗೈತೆ" ಅಂದೆ. ಅವಳು ತಲೆ ಎತ್ತದೆ, "ಇದನ್ನ ಹೇಳಾಕೂ ಒಂದು ಹಕ್ಕಿ ಸಾಯ್ಬೇಕಾಯ್ತು" ಅಂದಳು. ಆರನೆಯ ದಿನ ಓಂಕಾರಪ್ಪನ ತಾಯಿ, ತೊಂಬತ್ತು ದಾಟಿದ ಮುದುಕಿ, ಮಕ್ಕಳು ಮೊಮ್ಮಕ್ಕಳನ್ನೆಲ್ಲ ಮಾತಾಡಿಸಿ ತೀರಿಕೊಂಡರು. ಓಂಕಾರಪ್ಪ ಬಂದು ಮುಖ ನೋಡದೆ, "ಯಾವುದು?" ಅಂದ. ತೋರಿಸಿದೆ. ಹಾಲು ಬಿಟ್ಟು ಹೋದ. ಎಂಟು ಮುಗಿಯಿತು, ಊರು ಬಾಗಿಲು ಹಾಕಿಕೊಂಡಿತು. ನಾನೂ ಹಾಕಿಕೊಂಡೆ.

ಮರುದಿನ ಸಾಯಂಕಾಲ, ದೀಪ ಹಚ್ಚುವ ಮುಂಚೆ, ಹಾಲಮ್ಮ ಕಿಟಕಿಯಿಂದ, "ರೀ, ರುದ್ರಾಣಕ್ಕ ಬಂದಾಳೆ" ಅಂದಳು. ನೋಡಿದೆ. ನಮ್ಮ ಗೇಟಿನ ಹತ್ತಿರ ಅವಳು ನಿಂತಿದ್ದಳು. ಕೈಯಲ್ಲಿ ಏನೂ ಇರಲಿಲ್ಲ. ನಾನು ಓಡಿಹೋಗಿ ಬಾಗಿಲು ತೆಗೆದು, "ಬಾರಕ್ಕ, ಒಳಗೆ ಬಾ" ಅಂದೆ. ಕ್ಷಮಿಸಲು ಬಂದಿದ್ದಾಳೆ ಎಂದುಕೊಂಡೆ. ಅಷ್ಟು ಆಸೆ ಇತ್ತು ನನಗೆ. ಅವಳು ಕೈ ಅಡ್ಡ ಹಿಡಿದು, "ನೀನು ಒಳಗಿರು. ನಿನ್ನ ಮಾತಾಡ್ಸಾಕೆ ಬಂದಿಲ್ಲ ನಾನು" ಅಂದಳು. ನಾನು ಹೊಸ್ತಿಲ ಒಳಗೇ ನಿಂತೆ. ಅವಳು ಗೇಟಿನ ಕಂಬಿ ಹಿಡಿದು ನಮ್ಮ ಕಿಟಕಿಯನ್ನೇ ನೋಡುತ್ತಾ ನಿಂತಳು. ಬೀದಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು ನೋಡಿ ಮುಂದೆ ಹೋದರು. ಒಳಗೆ ಹಾಲಮ್ಮ ಒಲೆ ಹಚ್ಚಿದಳು, ಅನ್ನಕ್ಕೆ ಎಸರಿಟ್ಟಳು, ಅಕ್ಕಿ ತೊಳೆದು ಹಾಕಿದಳು. ಅನ್ನ ಕುದಿಯತೊಡಗಿದ ಮೇಲೂ ರುದ್ರಾಣಕ್ಕ ನಿಂತೇ ಇದ್ದಳು. ಆಮೇಲೆ ಕಂಬಿ ಬಿಟ್ಟು, ಬಗ್ಗಿ ಎರಡೂ ಮೊಣಕಾಲು ನೀವಿಕೊಂಡಳು.

"ಆರು ರೊಟ್ಟಿ ಹೊತ್ತು ಅಂದ್ರೆ ಕಡಿಮೆ ಅಲ್ಲ ಕಣಪ್ಪ" ಅಂದಳು. "ಕಾಲು ನೋಯ್ತವೆ."